ಉತ್ತರ ಬಾರದ ಅರ್ಜಿಗಳು

ಪ್ರತಿ ವರ್ಷ ಬಿ.ಕಾಂ. ಫಲಿತಾಂಶ ಪ್ರಕಟವಾದೊಡನೆ ನಮ್ಮಂತಹ ಲೆಕ್ಕಪರಿಶೋಧಕರ ಕಚೇರಿಗಳಿಗೆ ಅರ್ಜಿಗಳು ಬರತೊಡಗುತ್ತವೆ. ಬಹುತೇಕರ ಕನಸು ಬ್ಯಾಂಕ್ ಅಧಿಕಾರಿಯ ಹುದ್ದೆ, ಇಲ್ಲವೇ ಬೆಂಗಳೂರಿನ ದೊಡ್ಡ ಕಂಪನಿಯ ಹಣಕಾಸು ವಿಭಾಗ. ಅದು ಕೈಗೂಡಲು ಎರಡು ಮೂರು ವರ್ಷ ಹಿಡಿಯುವುದುಂಟು.

ಕನಸನ್ನು ಬಿಡಬೇಕಾಗಿಲ್ಲ, ಆದರೆ ಬರಿಗೈಯಲ್ಲಿ ಕಾಯುವುದು ತರವಲ್ಲ. ವರ್ತಕರೊಬ್ಬರ ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿಯೊಡನೆ ತಾಳೆ ನೋಡಿ, 20ನೇ ತಾರೀಖಿನೊಳಗೆ ಮಾಸಿಕ 3ಬಿ ರಿಟರ್ನ್ ಸಿದ್ಧಪಡಿಸಿದ ಅಭ್ಯರ್ಥಿಗೆ ಸಂದರ್ಶನದಲ್ಲಿ ಹೇಳಿಕೊಳ್ಳಲು ಏನಾದರೂ ಇರುತ್ತದೆ. ಸಂಬಳ ಅಲ್ಪವೆಂಬುದು ನಿಜ. ಅದನ್ನು ಸಮರ್ಥಿಸುವ ಇಚ್ಛೆ ನನಗಿಲ್ಲ.

ಆದರೆ ಭರವಸೆ ಉಳಿಸಿಕೊಳ್ಳುವ ಹೊಣೆ ಅಭ್ಯರ್ಥಿಯದೊಂದೇ ಎಂದು ನಾನು ಒಪ್ಪಲಾರೆ. 1992ರಲ್ಲಿ ಸಿ.ಎ. ಅಂತಿಮ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣನಾದೆ. ಆಗ ಪರೀಕ್ಷೆ ವರ್ಷಕ್ಕೆ ಎರಡೇ ಬಾರಿ. ಮೂರು ಬಾರಿಯಾದದ್ದು 2025ರಿಂದ. ಆ ಬಿಡುವಿನಲ್ಲಿ ಹದಿನೇಳು ಸಂಸ್ಥೆಗಳಿಗೆ ಅರ್ಜಿ ಹಾಕಿದೆ. ಹದಿನಾರು ಸಂಸ್ಥೆಗಳು ಮೌನ ವಹಿಸಿದವು. ಒಂದರಿಂದ ಮಾತ್ರ ಅಂಚೆ ಕಾರ್ಡು ಬಂದಿತು: ಸದ್ಯ ಸ್ಥಾನ ಖಾಲಿಯಿಲ್ಲ, ವೆಚ್ಚಲೆಕ್ಕ ಚೆನ್ನಾಗಿ ಅಭ್ಯಾಸ ಮಾಡಿ, ಮುಂದಿನ ವರ್ಷ ಬರೆಯಿರಿ. ನಿರಾಕರಣೆಯೇ ಆದರೂ ಆ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ಮತ್ತೆ ಓದಲು ಕುಳಿತೆ.

ಇಂದು ಉತ್ತರಿಸಲು ಅಂಚೆ ಕಾರ್ಡೂ ಬೇಕಿಲ್ಲ. ಆದರೂ ಮೌನವೇ ನಮ್ಮ ವಾಡಿಕೆಯಾಗಿದೆ. ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಬಂದ ಅರ್ಜಿಗೆ ಹದಿನೈದು ದಿನಗಳೊಳಗೆ ಹೌದು ಅಥವಾ ಇಲ್ಲವೆಂದು ತಿಳಿಸಿರಿ, ಇಲ್ಲವೆಂದಾದರೆ ಕೊರತೆ ಏನೆಂದು ಒಂದು ಸಾಲು ಬರೆಯಿರಿ. ನಮ್ಮ ಕಚೇರಿಯಲ್ಲಿ ಈ ಕೆಲಸಕ್ಕೆ ಶನಿವಾರದ ಅರ್ಧ ಗಂಟೆ ಸಾಕಾಗುತ್ತಿದೆ.