ಕಲ್ಲಿನ ಬಳಿಗೆ ಹೋಗುವವರು ಮಗುವಿನ ಬಳಿಗೇಕೆ ಹೋಗುವುದಿಲ್ಲ?

‘ಆಟಿಸಂ’ಗೆ ನಾವು ಕನ್ನಡದಲ್ಲಿ ಕೊಟ್ಟುಕೊಂಡ ಪದ ‘ಸ್ವಲೀನತೆ’. ಅಂದರೆ ತನ್ನೊಳಗೇ ಲೀನವಾಗಿರುವುದು. ಮಗು ತಾನೇ ಬಾಗಿಲು ಹಾಕಿಕೊಂಡು ಕೂತಿದೆ ಎಂಬ ಆರೋಪ ಈ ಪದದೊಳಗೇ ಇದೆ. ನನ್ನ ತಕರಾರು ಇಲ್ಲಿಂದಲೇ ಶುರು. ಆ ಮಗುವಿನ ಮನೆಯ ಬಾಗಿಲನ್ನು ನಾವು ಯಾವಾಗ ತಟ್ಟಿದ್ದೇವೆ?

ನಾನು ಶಾಸನಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವುದರಿಂದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಆಗಾಗ ಹೋಗುತ್ತೇನೆ. ಅಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಕ್ಷರ ಸವೆದ ಕಲ್ಲನ್ನು ಓದಲು ನಾವು ಊರು ಹುಡುಕಿಕೊಂಡು ಹೋಗುತ್ತೇವೆ, ಮಂಡಿಯೂರಿ ಕೂರುತ್ತೇವೆ, ಪಡಿಯಚ್ಚು ತೆಗೆಯುತ್ತೇವೆ. ಯಾವ ಕಲ್ಲಿಗೂ ‘ನೀನೇ ಮೈಸೂರಿಗೆ ಬಾ’ ಅಂದಿಲ್ಲ. ಮೂರು ವರ್ಷ ತುಂಬಿದರೂ ಹೆಸರು ಕೂಗಿದರೆ ತಿರುಗದ, ಬೇಕಾದ್ದನ್ನು ಬೆರಳು ತೋರಿಸಿ ಕೇಳದ ಮಗುವಿನ ತಾಯಿಗೆ ಮಾತ್ರ ಹಾಗನ್ನುತ್ತೇವೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ನಮ್ಮ ಹೆಮ್ಮೆ. ಆದರೆ ಆಟಿಸಂಗೆ ಬೇಕಾದ ನೆರವು ಒಂದು ಸಲ ಹೋಗಿ ಚೀಟಿ ಬರೆಸಿಕೊಂಡು ಬರುವಂಥದ್ದಲ್ಲ. ವಾರವಾರವೂ, ವರ್ಷಗಟ್ಟಲೆ ನಡೆಯಬೇಕಾದ ಕೆಲಸ ಅದು. ಕೂಲಿಗೆ ಹೋಗುವ ತಾಯಿ ಪ್ರತಿ ವಾರ ಒಂದಿಡೀ ದಿನದ ದಾರಿಯನ್ನು ಹೇಗೆ ಕ್ರಮಿಸಬೇಕು?

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಕಾಯ್ದೆಯ ಪುಟದಲ್ಲಿ ಸಿಕ್ಕ ಜಾಗ ಅಂಗನವಾಡಿಯಲ್ಲೂ ಸಿಗಬೇಡವೇ?

‘ಇದು ತಜ್ಞರ ಕೆಲಸ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ರೋಗನಿರ್ಣಯಕ್ಕೆ ತಜ್ಞರು ಬೇಕು, ಒಪ್ಪಿದೆ. ದಿನದಿನದ ನೆರವಿಗೆ? ಪಕ್ಕದ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅಲ್ಲಿ ತಂದೆತಾಯಿಗಳ ಜೊತೆ ಕೆಲಸ ಮಾಡಿದವರು ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಮಕ್ಕಳು ತಾವಾಗಿಯೇ ಹೆತ್ತವರೊಡನೆ ಸಂವಹನಕ್ಕೆ ತೊಡಗುವುದು ಹೆಚ್ಚಿತು. 65 ಮಕ್ಕಳ ಸಣ್ಣ ಅಧ್ಯಯನ, ನಿಜ. ಆದರೆ ಹಳ್ಳಿಯಲ್ಲಿ ಇದು ಆಗದ ಮಾತು ಎನ್ನುವವರ ಬಳಿ ಅಷ್ಟೂ ಪುರಾವೆಯಿಲ್ಲ.

ನೆರವು ಕೊಡದ ಸಮಾಜ ದೂರನ್ನು ಮಾತ್ರ ಧಾರಾಳವಾಗಿ ಕೊಡುತ್ತದೆ. ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣವೆಂದು 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಪುಸ್ತಕವನ್ನೇ ಬರೆದ. ವಿಜ್ಞಾನ ಅದನ್ನು ಎಂದೋ ತಳ್ಳಿಹಾಕಿದೆ. ನಮ್ಮಲ್ಲಿ ಅದೇ ಆರೋಪ ‘ಮೊಬೈಲ್ ಕೊಟ್ಟು ಕೂರಿಸಿದೆಯಲ್ಲ’ ಎಂಬ ಮಾತಾಗಿ ಬದುಕಿದೆ. ಹೀಗೆ ಅನ್ನಿಸಿಕೊಂಡ ತಾಯಿ ಮಗುವನ್ನು ಅಂಗನವಾಡಿಗೆ ಕರೆತರುವುದನ್ನೂ ನಿಲ್ಲಿಸುತ್ತಾಳೆ. ಕಲಿಕೆಗೆ ಬಹುಮುಖ್ಯವಾದ ವರ್ಷಗಳು ಹಾಗೇ ಕಳೆದುಹೋಗುತ್ತವೆ.

ಈಗಾಗಲೇ ಹತ್ತಾರು ಕೆಲಸ ಹೊತ್ತಿರುವ ಅಂಗನವಾಡಿ ಕಾರ್ಯಕರ್ತೆಯ ಹೆಗಲಿಗೆ ಇದನ್ನೂ ಹೇರಿ ಎನ್ನುತ್ತಿಲ್ಲ. ನಾಲ್ಕಾರು ಹಳ್ಳಿಗೊಬ್ಬರಂತೆ, ತರಬೇತಿ ಪಡೆದ, ಸರಿಯಾದ ಸಂಬಳವಿರುವ ಕಾರ್ಯಕರ್ತರು ಬೇಕು. ಅವರ ಕೈಯಲ್ಲಿರುವ ಪ್ರಶ್ನೆಗಳು ಸೊರಬ, ಶಿಕಾರಿಪುರದ ತಾಯಂದಿರು ಆಡುವ ಕನ್ನಡದಲ್ಲಿರಬೇಕು. ಕನ್ನಡ ವಿಭಾಗಗಳಲ್ಲಿ ಕೂತು ಸಾವಿರ ವರ್ಷದ ಹಿಂದಿನ ಕನ್ನಡಕ್ಕೆ ಅರ್ಥ ಹುಡುಕುವ ನಾವು ಈ ಕೆಲಸಕ್ಕೆ ಬರಲಾರೆವು ಎಂದರೆ, ನಮ್ಮ ವಿದ್ಯೆ ಮತ್ತೆ ಯಾರಿಗಾಗಿ?