ಹುಳುವಿಗೆ ಸಿಕ್ಕ ಜಾಗ ಮೇಜಿಗೇಕಿಲ್ಲ?

ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರು ಎಂತಹ ಮೇಜು ಕೊಳ್ಳಬೇಕು? ಬೆಂಗಳೂರಿನಲ್ಲಿ ಇದು ಪೀಠೋಪಕರಣದ ಅಂಗಡಿಯಲ್ಲಿ ಬಗೆಹರಿಯುವ ಪ್ರಶ್ನೆ. ಶ್ರೀನಿವಾಸಪುರದಂತಹ ತಾಲ್ಲೂಕು ಕೇಂದ್ರದಲ್ಲಿ ಅದು ಅಂಗಡಿಗೆ ಹೋಗುವ ಮೊದಲೇ ಮನೆಯೊಳಗೆ ಇತ್ಯರ್ಥವಾಗಬೇಕಾದ ಪ್ರಶ್ನೆ. ಬೆಲೆ, ಮರ, ಬಣ್ಣಗಳ ಮಾತು ಆಮೇಲಿನದು. ಮೇಜನ್ನು ಇಡುವುದೆಲ್ಲಿ, ಅದು ಯಾರದು, ಅದರ ಮುಂದೆ ಕುಳಿತವರು ದುಡಿಯುತ್ತಿದ್ದಾರೆಂದು ಮನೆಯವರು ಒಪ್ಪುತ್ತಾರೆಯೇ ಎಂಬುದು ಮೊದಲಿನದು.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದ ಬಳಿಕ ಬೆಂಗಳೂರಿನ ಬಾಡಿಗೆ ಮನೆಗಳನ್ನು ಬಿಟ್ಟು ಲ್ಯಾಪ್‌ಟಾಪಿನೊಂದಿಗೆ ಊರಿಗೆ ಮರಳಿದವರಲ್ಲಿ ಕೋಲಾರ ಜಿಲ್ಲೆಯ ಯುವಜನರೂ ಇದ್ದರು. ಆಗ ಎಲ್ಲವೂ ತಾತ್ಕಾಲಿಕ. ಮಂಚದ ಮೇಲೆ ದಿಂಬು, ಇಸ್ತ್ರಿ ಮಾಡುವ ಮೇಜು, ಊಟದ ಮೇಜಿನ ಒಂದು ತುದಿ, ಅದೂ ಇಲ್ಲದಿದ್ದರೆ ತೊಡೆ. ಕಚೇರಿಗಳು ಮತ್ತೆ ತೆರೆದವು. ಆದರೂ ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡುವ ಪದ್ಧತಿ ಹಲವು ಕಂಪನಿಗಳಲ್ಲಿ ಉಳಿದುಕೊಂಡಿದೆ. ಅದರ ಜೊತೆಗೆ ಅಂದಿನ ತಾತ್ಕಾಲಿಕ ಏರ್ಪಾಡೂ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಕತ್ತು, ಸೊಂಟ, ಮಣಿಕಟ್ಟುಗಳ ನೋವು ವಯಸ್ಸಿಗೆ ಮುನ್ನವೇ ಬಂದಿದ್ದರೆ ಅದಕ್ಕೆ ಬರೀ ಮುಲಾಮು ಹಚ್ಚಿ ಪ್ರಯೋಜನವಿಲ್ಲ.

ಮನೆ ಚಿಕ್ಕದು, ಮೇಜಿಗೆ ಜಾಗವೆಲ್ಲಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಸೀಮೆಯ ಮನೆಗಳ ಬಾಯಲ್ಲಿ ಈ ಉತ್ತರ ಅಷ್ಟಾಗಿ ಶೋಭಿಸುವುದಿಲ್ಲ. ಏಕೆಂದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಯೊಳಗೆ ದುಡಿಮೆಗೆ ಜಾಗ ಬಿಟ್ಟುಕೊಟ್ಟ ದೊಡ್ಡ ಪರಂಪರೆಯೇ ಇದೆ. ರೈತರು ಪ್ರತ್ಯೇಕ ಹುಳುಮನೆ ಕಟ್ಟಿಕೊಳ್ಳುವ ಮುನ್ನ ರೇಷ್ಮೆಹುಳು ಸಾಕುತ್ತಿದ್ದುದು ವಾಸದ ಮನೆಯಲ್ಲೇ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿನ ಹಸಿವು ಹೇಳತೀರದು. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಅದು ಕೊನೆಯ ಒಂದು ವಾರದಲ್ಲಿ ತಿಂದು ಮುಗಿಸುತ್ತದೆ. ಜಾಗವೂ ಅದಕ್ಕೆ ತಕ್ಕಂತೆ ಬೇಕು. ಆ ವಾರ ನಡುಮನೆ ತಟ್ಟೆಗಳ ಪಾಲು, ಮನೆಮಂದಿ ಜಗುಲಿಯ ಪಾಲು. ಹುಳು ಹಣ್ಣಾದ ಮೇಲೆ ಅಂಗಳ ಚಂದ್ರಿಕೆಗಳ ಪಾಲು. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಹೊಗೆ ಆಡುವಂತಿಲ್ಲ, ಹೊರಗಿನವರು ಕೈಕಾಲು ತೊಳೆಯದೆ ಒಳಬರುವಂತಿಲ್ಲ. ಯಾರೂ ಇದನ್ನು ದೊಡ್ಡ ತ್ಯಾಗವೆಂದು ಹೇಳಿಕೊಳ್ಳಲಿಲ್ಲ. ಅದು ಮನೆಯ ಅನ್ನ.

ಹುಳುವಿಗಾಗಿ ನಡುಮನೆಯನ್ನೇ ತೆರವು ಮಾಡಿದವರ ಮಕ್ಕಳು, ಮೊಮ್ಮಕ್ಕಳಿಗೆ ಲ್ಯಾಪ್‌ಟಾಪಿನ ಮುಂದೆ ನಾಲ್ಕಡಿ ಅಗಲದ ಮೂಲೆಯೊಂದು ಸಿಗುತ್ತಿಲ್ಲವೆಂದರೆ ಕೊರತೆ ಜಾಗದ್ದಲ್ಲ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಹಣವಾಗಿ ಬರುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಬ್ಯಾಂಕಿನ ಖಾತೆಗೆ ಸದ್ದಿಲ್ಲದೆ ಬೀಳುವ ಸಂಬಳ ಹಾಗೆ ಕಾಣುವುದಿಲ್ಲ. ಮೇಲಾಗಿ ನಮ್ಮ ಭಾಷೆಯಲ್ಲಿ ಕೂರುವುದೆಂದರೆ ಸೋಮಾರಿತನ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ಗಾದೆ ಹೇಳುತ್ತದೆ. ಕೂತು ಗಳಿಸುವವರ ಬಗ್ಗೆ ಗಾದೆ ಇನ್ನೂ ಹುಟ್ಟಿಲ್ಲ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಸೊಸೆಯಂದಿರ ಮೇಲೆ. ಮಗ ಕೆಲಸಕ್ಕೆ ಕುಳಿತರೆ ಕೋಣೆಯ ಬಾಗಿಲು ಮುಚ್ಚುತ್ತದೆ, ಟಿ.ವಿ.ಯ ಸದ್ದು ಇಳಿಯುತ್ತದೆ. ಸೊಸೆ ಅಡುಗೆಮನೆಯ ಪಕ್ಕದಲ್ಲಿ, ಅನ್ನದ ಪಾತ್ರೆಯನ್ನು ಸರಿಸಿ ಕುಳಿತುಕೊಳ್ಳುತ್ತಾಳೆ. ಮೀಟಿಂಗಿನ ನಡುವೆ, ‘ಸುಮ್ಮನೆ ಕೂತಿದ್ದೀಯಲ್ಲಮ್ಮಾ, ಹಾಲು ಉಕ್ಕದ ಹಾಗೆ ಸ್ವಲ್ಪ ನೋಡ್ಕೋ’ ಎಂಬ ಮಾತು ಬರುತ್ತದೆ. ಅತ್ತೆಯದು ದುರುದ್ದೇಶವೆಂದು ನಾನು ಹೇಳುವುದಿಲ್ಲ. ಊಟದ ಮೇಜಿನ ಮುಂದೆ ಕುಳಿತವಳು ಊಟದ ಮನೆಯವಳಾಗಿಯೇ ಕಾಣುತ್ತಾಳೆ. ಅವಳ ಹೆಸರಿನಲ್ಲಿ ಒಂದು ಮೇಜು ಬಂದು, ಅದರ ಮೇಲೆ ಉಪ್ಪಿನಕಾಯಿ ಜಾಡಿಯನ್ನೋ ಒಗೆದ ಬಟ್ಟೆಯನ್ನೋ ಇಡಕೂಡದೆಂಬ ನಿಯಮ ಬಂದರೆ, ಅದನ್ನು ಬೇರೆ ಮಾತಿನಲ್ಲಿ ವಿವರಿಸುವ ಅಗತ್ಯ ಬೀಳುವುದಿಲ್ಲ. ಆದ್ದರಿಂದಲೇ ಮನೆಯಲ್ಲಿ ಇಬ್ಬರು ದುಡಿಯುತ್ತಿದ್ದರೆ ಒಂದು ದೊಡ್ಡ ಮೇಜಿಗಿಂತ ಎರಡು ಸಣ್ಣ ಮೇಜುಗಳು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಮೇಜಿನ ಎತ್ತರ. ಮೇಜು, ಕುರ್ಚಿ ಎಂಬ ಪದಗಳೆರಡೂ ಹೊರಗಿನಿಂದ ಬಂದವು. ನಮ್ಮದು ಮಣೆ, ಹಲಗೆ, ಚಾಪೆಗಳ ನಾಡು. ಶಾನುಭೋಗರೂ ಮಂಡಿಯ ಗುಮಾಸ್ತರೂ ನೆಲದ ಮೇಲೆ ಕಾಲು ಮಡಚಿ ಕುಳಿತು, ಮುಂದೆ ಇಳಿಜಾರಾದ ಕಿರುಪೆಟ್ಟಿಗೆಯಿಟ್ಟು ಲೆಕ್ಕ ಬರೆಯುತ್ತಿದ್ದರು. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರದ್ದುಪಡಿಸಿದ 1961ರ ಕಾಯ್ದೆಯಿಂದ ಶಾನುಭೋಗಿಕೆ ಹೋಯಿತು, ಪೆಟ್ಟಿಗೆ ಅಟ್ಟ ಸೇರಿತು. ಅದರ ಹಿಂದಿದ್ದ ತಿಳಿವಳಿಕೆ ಮಾತ್ರ ಹಳತಾಗಿಲ್ಲ: ಬರೆಯುವ ಹಲಗೆ ಬರೆಯುವವನ ಮೊಣಕೈಗೆ ಹೊಂದಬೇಕು.

ಅಂಗಡಿಯ ಸಿದ್ಧ ಮೇಜಿನ ಎತ್ತರ ಸಾಮಾನ್ಯವಾಗಿ ಎರಡೂವರೆ ಅಡಿ, ಎಂದರೆ 30 ಅಂಗುಲದ ಆಸುಪಾಸು. ಭಾರತೀಯ ಮಹಿಳೆಯ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದಡಿ. ಅಷ್ಟು ಎತ್ತರದವರು ಪಾದವನ್ನು ನೆಲಕ್ಕೂರಿ ಕುಳಿತಾಗ ಮೊಣಕೈ ನೆಲದಿಂದ ಸುಮಾರು 24 ಅಂಗುಲದಲ್ಲಿರುತ್ತದೆ. ಉಳಿದ ಅಂತರವನ್ನು ದಿನವಿಡೀ ಭುಜವೆತ್ತಿ ತುಂಬಬೇಕು. ಇವರಿಗೆ ಒಪ್ಪುವುದು 25–26 ಅಂಗುಲದ ಮೇಜು. ಎತ್ತರದ ಮೇಜು ಈಗಾಗಲೇ ಮನೆಗೆ ಬಂದುಬಿಟ್ಟಿದ್ದರೆ ಕುರ್ಚಿಯನ್ನು ಏರಿಸಿ, ಕಾಲ ಕೆಳಗೆ ಹಲಗೆಯೊಂದನ್ನು ಇಟ್ಟುಕೊಳ್ಳಬಹುದು. (ಊಟದ ಮಣೆಯನ್ನು ಕಾಲಡಿಗೆ ಹಾಕಿದರೆ ಮನೆಯ ಹಿರಿಯರು ಸುಮ್ಮನಿರಲಾರರು, ಬೇರೆ ಹಲಗೆಯೇ ಲೇಸು.) ಮುಂಭಾಗದಲ್ಲಿ ತೊಡೆಗೆ ತಾಗುವ ಡ್ರಾಯರು ಬೇಡ, ಬೇಕಿದ್ದರೆ ಪಕ್ಕದಲ್ಲಿರಲಿ. ಆಳ ಎರಡಡಿಗೆ ಕಡಿಮೆಯಾದರೆ ಪರದೆ ಮುಖಕ್ಕೆ ಬಂದು ಕೂರುತ್ತದೆ. ಕಿಟಕಿ ಪಕ್ಕಕ್ಕಿರಬೇಕು, ಬೆನ್ನ ಹಿಂದಿದ್ದರೆ ಪರದೆಯಲ್ಲಿ ಬೆಳಕು ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈ ನೆಮ್ಮದಿಯಾಗಿದ್ದರೆ ಕತ್ತು ಬಾಗಬೇಕು. ಅದರ ಅಡಿಗೆ ನಾಲ್ಕು ದಪ್ಪ ಪುಸ್ತಕಗಳನ್ನಿಟ್ಟು ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆಯೇ ಕೀಲಿಮಣೆ ಜೋಡಿಸಿಕೊಂಡರೆ ಈ ತೊಡಕು ತಪ್ಪುತ್ತದೆ.

ಇಷ್ಟು ಅಳತೆಗಳನ್ನು ಆನ್‌ಲೈನ್ ಮಳಿಗೆಗಿಂತ ಊರಿನ ಬಡಗಿ ಚೆನ್ನಾಗಿ ಪಾಲಿಸಬಲ್ಲ. ಮನೆಗೆ ಬಂದು, ಕುಳಿತವರ ಮೊಣಕೈಗೆ ಟೇಪು ಹಿಡಿದು ನೋಡಬಲ್ಲ. ಶ್ರೀನಿವಾಸಪುರವೆಂದರೆ ಮಾವು. ಫಸಲು ಬಿಡದಷ್ಟು ಮುದಿಯಾದ ಮರಗಳು ಉರುಳಿ ಸೌದೆಯಾಗಿಯೋ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಾಗಿಯೋ ಹೋಗುತ್ತವೆ. ಆ ಮರದಲ್ಲೇ ಗಟ್ಟಿಯಾದ ಮೇಜಾಗುತ್ತದೆ. ಆದರೆ ಮಾವಿನ ಮರಕ್ಕೆ ಕುಟ್ಟೆಹುಳುವಿನ ಕಾಟ ಹೆಚ್ಚು. ಚೆನ್ನಾಗಿ ಒಣಗಿಸಿ, ಔಷಧಿ ಹಾಯಿಸದಿದ್ದರೆ ಸೀಳುತ್ತದೆ, ಪುಡಿ ಉದುರಿಸುತ್ತದೆ. ಹಸಿ ಹಲಗೆಯನ್ನು ಅಗ್ಗಕ್ಕೆ ಕೊಂಡು ಬಡಗಿಯನ್ನು ದೂಷಿಸುವುದು ನ್ಯಾಯವಲ್ಲ. ಕೈ ಹಿಡಿದರೆ ಹಲಸು ಇನ್ನೂ ಮೇಲು, ಗೆದ್ದಲನ್ನು ಚೆನ್ನಾಗಿ ತಡೆಯುತ್ತದೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಸಿದ್ಧ ಹಲಗೆ ನೋಡಲು ನಯ, ಬೆಲೆಯೂ ಹಗುರ. ಅಂಚಿನಲ್ಲಿ ನೀರು ಇಳಿದರೆ ಊದಿಕೊಳ್ಳುತ್ತದೆ. ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಬಿಗಿಯಾಗಿ ನಿಲ್ಲುವುದಿಲ್ಲ.

ಕಡೆಗೆ ಖರ್ಚಿನ ಮಾತು. ಕೆಲಸ ಮನೆಗೆ ಬಂದಾಗ ಅದರ ಬಾಡಿಗೆ, ವಿದ್ಯುತ್ತು, ಮೇಜು, ಕುರ್ಚಿಗಳ ಹೊರೆಯೂ ಸದ್ದಿಲ್ಲದೆ ಮನೆಗೆ ಬಂತು. ದುಡಿಯುವವರ ಆಸನ ಮಾಲೀಕರ ಹೊಣೆ ಎಂಬುದು ಹೊಸ ಬೇಡಿಕೆಯೇನಲ್ಲ. ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ಆಸನ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ವಿಧಿಸಿತ್ತು. ಮನೆಯಲ್ಲಿ ಕುಳಿತು ಬೀಡಿ ಸುತ್ತುವವರನ್ನೂ 1966ರ ಬೀಡಿ ಕಾರ್ಮಿಕರ ಕಾಯ್ದೆ ನೌಕರರೆಂದೇ ಗುರುತಿಸಿತ್ತು. ಗೂಗಲ್ ಸಂಸ್ಥೆ 2020ರ ಮೇ ತಿಂಗಳಲ್ಲಿ ಮನೆಯಿಂದ ದುಡಿಯುವ ತನ್ನ ನೌಕರರಿಗೆ ಉಪಕರಣ, ಪೀಠೋಪಕರಣಕ್ಕೆಂದು ತಲಾ 1,000 ಡಾಲರ್ ಭತ್ಯೆ ಘೋಷಿಸಿತ್ತು. ಅಷ್ಟು ದೊಡ್ಡ ಮೊತ್ತ ಎಲ್ಲ ಕಂಪನಿಗಳಿಂದ ಸಾಧ್ಯವಾಗದಿರಬಹುದು. ಶ್ರೀನಿವಾಸಪುರದ ಬಡಗಿಯ ಮೇಜಿಗೆ ಅಷ್ಟು ಬೇಕಾಗುವುದೂ ಇಲ್ಲ. ಕೆಲಸಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ಬಡಗಿ ಕೊಟ್ಟ ರಸೀದಿಯನ್ನೂ ಜೋಪಾನವಾಗಿ ತೆಗೆದಿಟ್ಟಿರಿ.