ಕಿಸೆಯೊಳಗಿನ ವಿಳಾಸ

ಅಂಚೆಯವನಿಗೆ ನಮ್ಮ ಮನೆ ತಿಳಿಯದಿದ್ದರೆ ಕಾಗದವು ಕೈಸೇರದು. ಮೊಬೈಲ್ ದೂರವಾಣಿಯ ಸಂಗತಿಯೂ ಇಷ್ಟೇ. ಉಪಕರಣಕ್ಕೆ 15 ಅಂಕಿಗಳ ಐಎಂಇಐ ಸಂಖ್ಯೆಯುಂಟು. ಸಿಮ್‌ಗೆ ಬೇರೊಂದು ಗುರುತುಸಂಖ್ಯೆಯುಂಟು. ನಾವು ಮಾತನಾಡದಿದ್ದಾಗಲೂ ದೂರವಾಣಿಯು ಗೋಪುರಕ್ಕೆ ಆಗಾಗ ತನ್ನ ಇರವನ್ನು ತಿಳಿಸುತ್ತದೆ. ಆದುದರಿಂದಲೇ ಕರೆಯು ನಾವಿರುವ ಊರಿಗೇ ಬಂದು ಮುಟ್ಟುತ್ತದೆ. ಯಾವ ಗೋಪುರದ ಮೂಲಕ ಮಾತನಾಡಿದೆವೆಂಬುದೂ ದಾಖಲೆಯಾಗಿ ಉಳಿಯುತ್ತದೆ.

ಈ ಅರಿವು ಕಾಣೆಯಾದವರನ್ನು ಹುಡುಕಲು ನೆರವಾದೀತು. ನಿರಪರಾಧಿಯ ಬೆನ್ನುಹತ್ತುವ ಕಣ್ಣೂ ಆದೀತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಯಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅಂಚೆಯವನು ವಿಳಾಸವನ್ನು ಬಲ್ಲ; ಊರಿಗೆಲ್ಲ ಸಾರುತ್ತ ತಿರುಗುವುದಿಲ್ಲ. ಗೋಪುರಗಳನ್ನು ನಡೆಸುವವರಿಗೂ ಅದೇ ಸಂಯಮವಿರಬೇಕು. ಅದನ್ನು ಕೇಳುವುದು ಪ್ರಜೆಗಳ ಹಕ್ಕು.